ಗಂಜಿ, ಒಣಮೀನು ಮತ್ತು ಪಾಠದ ಹಲಗೆ

ಜೂನ್ ತಿಂಗಳ ಆದಿಭಾಗದಲ್ಲಿ ಕಾರವಾರ ಮತ್ತು ಅಂಕೋಲೆಯ ಕರಾವಳಿಯಲ್ಲಿ ಎರಡು ಸಂಗತಿಗಳು ಹೆಚ್ಚುಕಡಿಮೆ ಏಕಕಾಲದಲ್ಲಿ ಒದಗುತ್ತವೆ. ಯಾಂತ್ರಿಕ ದೋಣಿಗಳು 61 ದಿನಗಳ ನಿಷೇಧಕ್ಕೆ ಒಳಗಾಗಿ ಬೈತಖೋಲದ ಬಂದರಿನಲ್ಲಿಯೂ ಬೇಲೆಕೇರಿಯ ದಕ್ಕೆಯಲ್ಲಿಯೂ ಲಂಗರು ಹಾಕಿ ನಿಲ್ಲುತ್ತವೆ. ಬೇಸಗೆಯ ರಜೆ ಮುಗಿದು ಶಾಲೆಯ ಗಂಟೆ ಮತ್ತೆ ಬಾರಿಸತೊಡಗುತ್ತದೆ. ಕಡಲಿನ ಬಾಗಿಲು ಮುಚ್ಚಿದ ಆ ದಿನಗಳಲ್ಲಿ ಮೀನುಗಾರರ ಕೇರಿಯ ಮಗು ಉಂಡು ಬರುವುದು ಕುಚ್ಚಿಗೆ ಅಕ್ಕಿಯ ಗಂಜಿಯನ್ನು, ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ತಾಯಿ ಒಣಗಿಸಿ ಕಾಪಿಟ್ಟ ಒಣಮೀನಿನ ಒಂದು ತುಂಡನ್ನು, ದೊರೆತರೆ ಮೊದಲ ಮಳೆಗೆ ಹಿತ್ತಿಲಲ್ಲಿ ತಾನಾಗಿ ಎದ್ದ ತಗಚೆಯ ಎಳೆಸೊಪ್ಪಿನ ಪಲ್ಯವನ್ನು. ಆ ಮಗು ತರಗತಿಯಲ್ಲಿ ಕುಳಿತು ಕಣ್ಣೆತ್ತಿದರೆ ಗೋಡೆಯ ಮೇಲೆ ‘ಸಮತೋಲಿತ ಆಹಾರ’ದ ಚಿತ್ರಪಟವೊಂದು ತೂಗುತ್ತಿರುತ್ತದೆ. ನಾನು ಕಂಡ ಇಂಥ ಚಿತ್ರಪಟಗಳಲ್ಲಿ ಸೇಬು ಉಂಟು, ದ್ರಾಕ್ಷಿ ಉಂಟು, ಗಾಜಿನ ಲೋಟದ ತುಂಬ ಹಾಲು ಉಂಟು. ಗಂಜಿಯಿಲ್ಲ, ಒಣಮೀನಿಲ್ಲ, ತಗಚೆಯಂತೂ ಇಲ್ಲವೇ ಇಲ್ಲ.

ಅಂಕೋಲೆಯ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರು ಒಮ್ಮೆ ನನ್ನೆದುರಿಗೇ ಮಕ್ಕಳನ್ನು ಸಾಲಾಗಿ ಕೇಳುತ್ತ ಹೋದರು: ಬೆಳಗಿಗೆ ಏನು ತಿಂದಿರಿ? ಇಡ್ಲಿ, ದೋಸೆ, ಇಡ್ಲಿ, ಬನ್ಸು ಎಂಬ ಉತ್ತರಗಳು ಒಂದರ ಬೆನ್ನಿಗೊಂದು ಬಂದವು. ಪಾಠ ಮುಗಿದು ಮಕ್ಕಳು ಹೊರಬೀಳುವಾಗ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಅಕ್ಕೋರ ಸೆರಗಿನ ಹತ್ತಿರ ಬಂದು, “ಅಕ್ಕೋರೆ, ನಾ ಗಂಜಿ ಉಂಡಿದ್ದೆ” ಎಂದು ತಪ್ಪೊಪ್ಪಿಕೊಳ್ಳುವವಳ ದನಿಯಲ್ಲಿ ಹೇಳಿದಳು. ಶಾಲೆಯ ಮಕ್ಕಳಿಗೆ ಆರೋಗ್ಯಕರವಾದ ಆಹಾರಾಭ್ಯಾಸವನ್ನು ಕಲಿಸುವುದು ಹೇಗೆಂಬ ಪ್ರಶ್ನೆಯನ್ನು ಕುರಿತು ಯೋಚಿಸುವಾಗಲೆಲ್ಲ ನನಗೆ ಆ ಹುಡುಗಿಯ ಸಂಕೋಚವೇ ಮೊದಲು ನೆನಪಿಗೆ ಬರುತ್ತದೆ. ತನ್ನ ಮನೆಯ ತುತ್ತನ್ನು ಮರೆಮಾಚಬೇಕೆಂದು ಕಲಿತ ಮಗುವಿಗೆ ಪೋಷಣೆಯ ಯಾವ ಪಾಠವೂ ನಾಟಲಾರದು. ಆ ಪಾಠವು ಅವಳ ತಟ್ಟೆಯಿಂದಲೇ ಆರಂಭವಾಗತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಆಶ್ಚರ್ಯದ ವಿಷಯವೆಂದರೆ, ಆ ಹುಡುಗಿ ಮರೆಮಾಚಿದ ಗಂಜಿಯ ಅಕ್ಕಿಯೇ ನಮ್ಮ ದೇಶದಲ್ಲಿ ಪೋಷಣಶಾಸ್ತ್ರವು ಕೈಗೆತ್ತಿಕೊಂಡ ಮೊದಮೊದಲ ವಿಷಯಗಳಲ್ಲೊಂದು. ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಎಂಬ ವೈದ್ಯನು ಬೆರಿಬೆರಿ ರೋಗದ ವಿಚಾರಣೆಗೆಂದು ಒಂದೇ ಕೋಣೆಯ ಪ್ರಯೋಗಾಲಯದಲ್ಲಿ ಕೆಲಸವನ್ನು ಆರಂಭಿಸಿದನು. ಮುಂದೆ ಹೈದರಾಬಾದಿಗೆ ಸ್ಥಳಾಂತರಗೊಂಡು ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಬೆಳೆದುನಿಂತದ್ದು ಅದೇ ಪ್ರಯೋಗಾಲಯ. ಗಿರಣಿಯಲ್ಲಿ ನುಣುಪುಗೊಳಿಸಿದ ಬೆಳ್ತಿಗೆ ಅಕ್ಕಿಯನ್ನೇ ನಂಬಿದ ಜನರಲ್ಲಿ ಬೆರಿಬೆರಿ ತಲೆದೋರುವುದೆಂದೂ, ಭತ್ತವನ್ನು ಬೇಯಿಸಿ ಒಣಗಿಸಿ ಆಮೇಲೆ ಅಕ್ಕಿಮಾಡಿ ಉಣ್ಣುವವರಲ್ಲಿ ಅದು ಅಪರೂಪವೆಂದೂ ಆ ಕಾಲದ ಶೋಧನೆಗಳಿಂದ ಸ್ಪಷ್ಟವಾಯಿತು. ಭತ್ತವು ಬೇಯುವಾಗ ಹೊರಪದರದಲ್ಲಿಯ ಬಿ-ಗುಂಪಿನ ಜೀವಸತ್ವಗಳು ಕಾಳಿನ ಒಳಕ್ಕೆ ಇಳಿದು, ಗಿರಣಿಯ ಉಜ್ಜಾಟಕ್ಕೂ ಸಿಕ್ಕದೆ ಉಳಿಯುತ್ತವೆ. ಮ್ಯಾಕ್‌ಕ್ಯಾರಿಸನ್ನನೇ 1928ರಲ್ಲಿ ಶಾಲಾಕಾಲೇಜುಗಳ ಉಪಯೋಗಕ್ಕೆಂದು ಆಹಾರವನ್ನು ಕುರಿತ ಒಂದು ಬಾಲಬೋಧೆಯನ್ನೂ ಬರೆದನು. ಹೀಗೆ ನೋಡಿದರೆ ಪೋಷಣಶಿಕ್ಷಣವು ನಮ್ಮಲ್ಲಿ ನೂರು ವರ್ಷಗಳಷ್ಟು ಹಳೆಯದು. ಭತ್ತ ಬೇಯಿಸುವ ಹಂಡೆಯನ್ನು ಅಂಗಳದಲ್ಲಿ ಇರಿಸಿದ ಅಜ್ಜಿಯರು ಈ ತತ್ತ್ವವನ್ನು ಅದಕ್ಕೂ ಎಷ್ಟೋ ಮೊದಲು ಆಚರಣೆಯಲ್ಲಿ ಬಲ್ಲವರಾಗಿದ್ದರು. ಆದರೆ ಅಜ್ಜಿಯ ಹಂಡೆಗೂ ವಿಜ್ಞಾನದ ಪಾಠಕ್ಕೂ ಸಂಬಂಧವುಂಟೆಂದು ಮಗುವಿಗೆ ತಿಳಿಸಿ ಹೇಳುವವರು ಮಾತ್ರ ವಿರಳ.

ಬೋಧನೆಗಿಂತ ಮೊದಲು ಊಟ ಬರಬೇಕೆಂಬ ವಿವೇಕವನ್ನು ನಮ್ಮ ಸರ್ಕಾರಗಳು ನಿಧಾನವಾಗಿಯಾದರೂ ಸಂಪಾದಿಸಿಕೊಂಡವು. ಮದರಾಸಿನ ನಗರಸಭೆಯು 1920ರ ದಶಕದಲ್ಲಿಯೇ ಬಡ ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಹಾಕಿತು. ರಾಷ್ಟ್ರಮಟ್ಟದ ಯೋಜನೆಯು 1995ರ ಆಗಸ್ಟ್ 15ರಂದು ಆರಂಭವಾದರೂ ಬಹಳ ಕಡೆಗಳಲ್ಲಿ ಅದು ಧಾನ್ಯವನ್ನು ಅಳೆದುಕೊಡುವುದರಲ್ಲಿಯೇ ನಿಂತಿತ್ತು. ಬೇಯಿಸಿದ ಅನ್ನವನ್ನೇ ಬಡಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ಆಜ್ಞಾಪಿಸಿದ ಬಳಿಕ, ಕರ್ನಾಟಕದಲ್ಲಿ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹವು ಪ್ರಾರಂಭವಾಯಿತು. ಮರುವರ್ಷ ಅದು ಉತ್ತರ ಕನ್ನಡವೂ ಸೇರಿದಂತೆ ಉಳಿದ ಜಿಲ್ಲೆಗಳಿಗೆ ಬಂದಿತು. ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ; ಹಿರಿಯ ಪ್ರಾಥಮಿಕದವರಿಗೆ 150, 30 ಮತ್ತು 75 ಗ್ರಾಂ: ಹೀಗೆ ಲೆಕ್ಕ ಕಟ್ಟಿದ ಊಟದಿಂದ ಕಿರಿಯರಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು, ಹಿರಿಯರಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು ಸಲ್ಲಬೇಕು. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ 150 ಮಿಲಿಲೀಟರು ಹಾಲು ಸೇರಿತು. ಮೊದಲು ಕೆಲವು ಜಿಲ್ಲೆಗಳಿಗೆ, ಆಮೇಲೆ ಇಡೀ ರಾಜ್ಯಕ್ಕೆ ಮೊಟ್ಟೆ ಬಂದಿತು, ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ಮೊಟ್ಟೆಯ ವಿತರಣೆಯು ವಾರದ ಆರು ದಿನಕ್ಕೆ ವಿಸ್ತರಿಸಿತು. ಅದೇ ವರ್ಷ ಹಾಲಿನೊಡನೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟು ಕೂಡಿತು.

ಈ ರಾಗಿಯ ವಿಷಯದಲ್ಲಿ ಒಂದು ಕ್ಷಣ ನಿಲ್ಲಬೇಕೆನಿಸುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿರುವುದು ಹತ್ತರ ಆಸುಪಾಸು. ಕಾರವಾರದ ಘಟ್ಟದ ಸೆರಗಿನಲ್ಲಿ ಕುಣಬಿಗಳು ಮೊದಲಾದ ಕೃಷಿಕರು ಒಂದು ಕಾಲಕ್ಕೆ ಕಾಡು ಕಡಿದು ಸುಟ್ಟು ಮಾಡುವ ಕುಮ್ರಿ ಬೇಸಾಯದಲ್ಲಿ ಇದೇ ರಾಗಿಯನ್ನು ಬೆಳೆದು ಅಂಬಲಿ ಕುಡಿಯುತ್ತಿದ್ದರು. ಬ್ರಿಟಿಷರ ಅರಣ್ಯಾಡಳಿತವು ಕುಮ್ರಿಯನ್ನು ನಿರ್ಬಂಧಿಸುತ್ತ ಬಂದಂತೆ ಗುಡ್ಡದ ರಾಗಿ ಕ್ಷೀಣಿಸಿತು. ಶಾಲೆಯ ಲೋಟದಲ್ಲಿ ಈಗ ಅದು ಪುಡಿಯ ರೂಪದಲ್ಲಿ ಹಿಂದಿರುಗಿರುವಾಗ, “ಇದು ನಿಮ್ಮ ಮುತ್ತಜ್ಜಿಯ ಅಂಬಲಿಯ ರಾಗಿಯೇ” ಎಂದು ಹೇಳಲು ಮಾಸ್ತರಿಗೆ ಎರಡು ನಿಮಿಷ ಸಾಕು. ಆ ಎರಡು ನಿಮಿಷ ದೊರೆತರೆ ಮಾಲ್ಟು ಪಾಠವಾಗುತ್ತದೆ, ದೊರೆಯದಿದ್ದರೆ ಸಿಹಿನೀರಾಗಿ ಹೊಟ್ಟೆಗಿಳಿಯುತ್ತದೆ. ನಮ್ಮ ಇಡೀ ವ್ಯವಸ್ಥೆಯ ಕೊರತೆಯನ್ನು ನಾನು ಕಾಣುವುದು ಇಲ್ಲಿಯೇ: ಊಟವು ಶಾಲೆಗೆ ಬಂದಿದೆ, ಪಾಠವೂ ಪುಸ್ತಕದಲ್ಲಿ ಇದೆ, ಆದರೆ ಊಟದ ಗಂಟೆಯಲ್ಲಿ ಪಾಠವಿಲ್ಲ, ಪಾಠದ ಗಂಟೆಯಲ್ಲಿ ಊಟದ ಮಾತಿಲ್ಲ.

ಈ ಕೊರತೆಯ ಬೆಲೆಯನ್ನು ತೆರುವುದು ಮಕ್ಕಳ ರಕ್ತ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5ರಷ್ಟು ಮಂದಿ ರಕ್ತಹೀನರು. 15ರಿಂದ 49ರ ವಯಸ್ಸಿನ ಸ್ತ್ರೀಯರಲ್ಲಿ 47.8ರಷ್ಟು. ರಕ್ತಹೀನ ತಾಯಿಯ ರಕ್ತಹೀನ ಮಗು ಒಂದನೆಯ ತರಗತಿಯ ಬೆಂಚಿನ ಮೇಲೆ ತೂಕಡಿಸುವಾಗ ಅದನ್ನು ಆಲಸ್ಯವೆಂದು ಬಗೆದು ಗದರಿಸುವ ತಪ್ಪನ್ನು ನಾವು ಎಷ್ಟು ಸಲ ಮಾಡಿದ್ದೇವೋ! ಇದಕ್ಕೆ ಪರಿಹಾರವಾಗಿ ಶಾಲೆಗಳಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆಯನ್ನು ಕೊಡಲಾಗುತ್ತದೆ. ಕಿರಿಯರಿಗೆ ಗುಲಾಬಿ ಬಣ್ಣದ್ದು, ಹತ್ತು ವರ್ಷ ದಾಟಿದವರಿಗೆ ನೀಲಿಯದು. ಜಂತುಹುಳುವಿನ ಮಾತ್ರೆ ಬೇರೆ. ಕಾರ್ಯವು ಉತ್ತಮವಾದದ್ದೇ. ಆದರೆ ನೀಲಿ ಮಾತ್ರೆಯನ್ನು ನುಂಗಿದ ಹುಡುಗಿ ಸಂಜೆ ಊಟದ ಬೆನ್ನಿಗೇ ಒಂದು ಲೋಟ ಚಹಾ ಕುಡಿದರೆ ಸೊಪ್ಪು-ಬೇಳೆಗಳ ಕಬ್ಬಿಣವನ್ನು ಚಹಾದ ಒಗರು ಹಿಡಿದಿಟ್ಟು ಮೈಗೆ ಹತ್ತಗೊಡದೆಂಬುದನ್ನೂ, ಅದೇ ಊಟದೊಡನೆ ನಿಂಬೆ, ನೆಲ್ಲಿ, ಪೇರಲೆಗಳಲ್ಲಿ ಯಾವುದಾದರೊಂದು ಇದ್ದರೆ ಹೀರಿಕೆ ಹೆಚ್ಚುವುದೆಂಬುದನ್ನೂ, ಹರಿವೆಯ ಪಲ್ಯದ ಮಗ್ಗುಲಿಗೆ ಒಂದು ತುಂಡು ಬಂಗಡೆ ಇದ್ದರೆ ಮೀನು ತನ್ನ ಕಬ್ಬಿಣವನ್ನು ಕೊಡುವುದಲ್ಲದೆ ಸೊಪ್ಪಿನ ಕಬ್ಬಿಣವನ್ನೂ ಕೈಹಿಡಿದು ಕರೆದೊಯ್ಯುವುದೆಂಬುದನ್ನೂ ಅವಳಿಗೆ ಹೇಳುವವರು ಯಾರು? ಕಾರವಾರ-ಅಂಕೋಲೆಗಳ ಗುಡ್ಡಗಳಲ್ಲಿ ಮಾರ್ಚ್-ಏಪ್ರಿಲಿನಲ್ಲಿ ಬೀಜವನ್ನಷ್ಟೇ ತಿರುಚಿಕೊಂಡು ನೆಲಕ್ಕೆ ಚೆಲ್ಲುವ ಗೇರುಹಣ್ಣಿನಲ್ಲಿ ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚಿನ ಸಿ ಜೀವಸತ್ವವಿದೆ. ಚಿತ್ರಪಟದಲ್ಲಿ ಕಿತ್ತಳೆಯನ್ನು ನೋಡಿ ಬಾಯಿಪಾಠ ಮಾಡಿದ ಹುಡುಗ ಮನೆಯ ದಾರಿಯಲ್ಲಿ ಗೇರುಹಣ್ಣನ್ನು ತುಳಿದುಕೊಂಡು ಹೋಗುತ್ತಾನೆ.

ಅರಿವಿನ ಅಭಾವವು ಒಳ್ಳೆಯ ಯೋಜನೆಯನ್ನೂ ಹೇಗೆ ಕೆಡಿಸಬಲ್ಲುದೆಂಬುದಕ್ಕೆ ಸಾರವರ್ಧಿತ ಅಕ್ಕಿಯೇ ಸಾಕ್ಷಿ. ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಜೀವಸತ್ವಗಳನ್ನು ಅಕ್ಕಿಹಿಟ್ಟಿನಲ್ಲಿ ಬೆರೆಸಿ ಕಾಳಿನ ಆಕಾರಕ್ಕೆ ತಂದು, ನೂರು ಕಾಳಿಗೆ ಒಂದರಂತೆ ಸಾಮಾನ್ಯ ಅಕ್ಕಿಯಲ್ಲಿ ಕೂಡಿಸುತ್ತಾರೆ. ಆ ಕಾಳು ನೋಡಲು ತುಸು ಬೇರೆ. ತೊಳೆಯುವಾಗ ಕೆಲವೊಮ್ಮೆ ನೀರಿನ ಮೇಲೆ ತೇಲುವುದೂ ಉಂಟು. ಅದನ್ನು ಕಂಡ ಕೂಡಲೇ ಪ್ಲಾಸ್ಟಿಕ್ ಅಕ್ಕಿಯೆಂಬ ವದಂತಿಯು ರಾಜ್ಯದ ಅನೇಕ ಕಡೆ ಹಬ್ಬಿ, ಅಡುಗೆಯವರು ಆ ಕಾಳುಗಳನ್ನೇ ಆರಿಸಿ ಎಸೆಯತೊಡಗಿದರು. ಎಸೆದವರನ್ನು ದೂಷಿಸಲು ನನಗೆ ಮನಸ್ಸು ಬಾರದು. ಕಲ್ಲು-ಹೊಟ್ಟುಗಳನ್ನು ಆರಿಸುವ ಎಚ್ಚರದಿಂದಲೇ ಅವರು ಹಾಗೆ ಮಾಡಿದರು. ಒಂದು ಹಿಡಿ ಅಕ್ಕಿಯನ್ನು ಮೊರದಲ್ಲಿ ಹರಡಿ, ಮಕ್ಕಳ ಕೈಯಿಂದಲೇ ಆ ಕಾಳುಗಳನ್ನು ಹುಡುಕಿಸಿ, ಪ್ರತ್ಯೇಕವಾಗಿ ಬೇಯಿಸಿ ತೋರಿಸಿದ್ದರೆ ವದಂತಿಯು ಊರ ಗಡಿಯನ್ನು ದಾಟುತ್ತಿರಲಿಲ್ಲ.

ಇನ್ನು ಭಾಷೆಯ ಮಾತು. ಕಾರವಾರದ ಮಗುವಿನ ಪಾಠದ ಭಾಷೆ ಕನ್ನಡ. ಅಡುಗೆಮನೆಯ ಭಾಷೆಯೋ ಬಹಳ ಮನೆಗಳಲ್ಲಿ ಕೊಂಕಣಿ, ಕೆಲವು ಮನೆಗಳಲ್ಲಿ ಮರಾಠಿ ಅಥವಾ ಉರ್ದು. ಪುಸ್ತಕದ ರಾಗಿ ಮನೆಯಲ್ಲಿ ನಾಚಣೆ, ಹುರುಳಿಯು ಕುಳಿತ, ಕೆಂಪು ಹರಿವೆಯು ತಾಂಬಡಿ ಭಾಜಿ, ತಗಚೆಯು ತಾಯ್ಕಿಳೊ. ಹುರುಳಿಯಲ್ಲಿ ಪ್ರೋಟೀನು ಹೇರಳವೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಮಗು, ರಾತ್ರಿ ತಾಯಿ ಬಡಿಸಿದ ಕುಳಿತದ ಸಾರು ಅದೇ ಎಂದು ತಿಳಿಯದೆ ತಟ್ಟೆಯನ್ನು ಸರಿಸಿದರೆ ತಪ್ಪು ಮಗುವಿನದಲ್ಲ. ಒಂದು ಸೊಪ್ಪಿಗೆ ತರಗತಿಯ ಮಕ್ಕಳ ಮನೆಗಳಲ್ಲಿ ಎಷ್ಟು ಹೆಸರುಗಳುಂಟೋ ಅಷ್ಟನ್ನೂ ಹಲಗೆಯ ಮೇಲೆ ಬರೆಸುವುದು ಸಸ್ಯಶಾಸ್ತ್ರಕ್ಕೂ ಪೋಷಣಶಾಸ್ತ್ರಕ್ಕೂ ಭಾಷೆಗೂ ಒಮ್ಮೆಗೇ ಸಲ್ಲುವ ಪಾಠ. ಇದಕ್ಕೆ ಕಾಸಿನ ಖರ್ಚಿಲ್ಲ.

ಮೀನಿನ ವಿಚಾರವು ಇನ್ನೂ ಸೂಕ್ಷ್ಮವಾದದ್ದು. ಈ ಕರಾವಳಿಯಲ್ಲಿ ಖಾರ್ವಿ, ಹರಿಕಂತ್ರ, ಅಂಬಿಗರ ಮನೆಗಳಲ್ಲಿ ಮಾತ್ರವಲ್ಲ, ಇನ್ನೆಷ್ಟೋ ಸಮುದಾಯಗಳಲ್ಲಿ ಮೀನಿಲ್ಲದ ಊಟವು ಊಟವೇ ಅಲ್ಲ. ಪಕ್ಕದ ಮನೆಯಲ್ಲಿ ಅದನ್ನು ಮುಟ್ಟದವರೂ ಇದ್ದಾರೆ. ಎಲುಬುಸಹಿತ ಅಗಿದು ತಿನ್ನುವ ಸಣ್ಣ ತಾರ್ಲೆಯಲ್ಲಿ ಸುಣ್ಣವುಂಟು, ಅದರ ಕೊಬ್ಬಿನಲ್ಲಿ ಮಿದುಳು-ಹೃದಯಗಳಿಗೆ ಹಿತವಾದ ಸತ್ವವುಂಟು, ಡಿ ಜೀವಸತ್ವವುಂಟು; ನೂರು ಗ್ರಾಂ ಬಂಗಡೆಯಲ್ಲಿ ಹೆಚ್ಚುಕಡಿಮೆ ಮೂರು ಮೊಟ್ಟೆಗಳಷ್ಟು ಪ್ರೋಟೀನುಂಟು; ಹೊಳೆಯ ಅಳಿವೆಯಲ್ಲಿ ಹೆಂಗಸರು ಮಂಡಿಯುದ್ದ ನೀರಿನಲ್ಲಿ ನಿಂತು ಆಯುವ ಬಳಚಿನಲ್ಲಿ ಕಬ್ಬಿಣವುಂಟು. ಇವೆಲ್ಲ ಅಗ್ಗದ ಮೀನುಗಳು. ದುಬಾರಿಯ ಇಸ್ವಣಕ್ಕಿಂತ ಯಾವ ರೀತಿಯಿಂದಲೂ ಕಡಮೆಯಲ್ಲ. ಶಾಲೆಯ ಊಟದಲ್ಲಿ ಮೀನನ್ನು ಬಡಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಶಾಲೆಯ ಮಾತಿನಲ್ಲಿ ಮೀನಿಗೆ ಸ್ಥಾನವಿರಬೇಕು. ಒಣಮೀನಿನ ವಾಸನೆಯೆಂದು ಮಗುವೊಂದನ್ನು ಇತರರು ಹಂಗಿಸಿದಾಗ ಮಾಸ್ತರರು ಸುಮ್ಮನಿರಬಾರದು. ಹಾಗೆಯೇ ಮೊಟ್ಟೆ ಬಿಟ್ಟು ಬಾಳೆಹಣ್ಣನ್ನು ಆರಿಸಿಕೊಂಡ ಮಗುವನ್ನೂ ಯಾರೂ ಕೆಣಕಬಾರದು. ತಿನ್ನುವುದನ್ನು ಕುರಿತು ಮಕ್ಕಳು ಕಲಿಯುವ ಪಾಠಗಳಲ್ಲಿ ಪರರ ತಟ್ಟೆಯನ್ನು ಗೌರವದಿಂದ ಕಾಣುವುದೂ ಒಂದು.

ಗೌರವವೆಂದರೆ ಹೊಗಳಿಕೆಯಲ್ಲ. ಬರಿಯ ಗಂಜಿ, ಅದಕ್ಕೊಂದು ಉಪ್ಪಿನಕಾಯಿಯ ಹೋಳು, ಇಷ್ಟರಲ್ಲಿಯೇ ಮುಗಿದ ಊಟವು ಹೊಟ್ಟೆಯನ್ನು ತುಂಬುತ್ತದೆ, ಮೈಯನ್ನು ಬೆಳೆಸುವುದಿಲ್ಲ. ಒಣಮೀನಿನಲ್ಲಿ ಉಪ್ಪು ವಿಪರೀತ. ಅದನ್ನು ನೀರಿನಲ್ಲಿ ನೆನೆಸಿ ತೊಳೆದು ಬಳಸುವ ರೂಢಿಯನ್ನು ಮನೆಗಳಲ್ಲಿ ಬಲಪಡಿಸಬೇಕಾಗಿದೆ. ದಿನಕ್ಕೆ 5 ಗ್ರಾಂ, ಎಂದರೆ ಒಂದು ಚಿಕ್ಕ ಚಮಚದಷ್ಟು ಉಪ್ಪು ವಯಸ್ಕನಿಗೇ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನ ಪಾಠವನ್ನು ಹೇಳಲು ಅಂಕೋಲೆಗಿಂತ ಯೋಗ್ಯವಾದ ಊರು ಕರ್ನಾಟಕದಲ್ಲಿ ಯಾವುದಿದೆ? 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಇಲ್ಲಿಯ ಜನ ಉಪ್ಪು ತಯಾರಿಸಿ ಕಾಯಿದೆಯನ್ನು ಮುರಿದರು; ಈ ತಾಲೂಕು ಕರ್ನಾಟಕದ ಬಾರ್ಡೋಲಿಯೆಂದು ಹೆಸರಾಯಿತು; ಗಂಗಾವಳಿಯನ್ನು ದಾಟಿ ಗೋಕರ್ಣದ ಕಡೆಗೆ ಹೋದರೆ ಸಾಣಿಕಟ್ಟೆಯ ಆಗರಗಳಲ್ಲಿ ಇಂದಿಗೂ ಬೇಸಗೆಯಲ್ಲಿ ಉಪ್ಪಿನ ಗುಡ್ಡೆಗಳು ಬೆಳ್ಳಗೆ ಹೊಳೆಯುತ್ತಿರುತ್ತವೆ. ಅಯೋಡಿನ್ನಿನ ಕೊರತೆಯಿಂದ ಗಳಗಂಡ ಮಾತ್ರವಲ್ಲದೆ ಬುದ್ಧಿಯ ಬೆಳವಣಿಗೆಗೂ ಕುಂದು ಒದಗುವುದರಿಂದ, ಅಯೋಡಿನ್ ಬೆರೆಸದ ಉಪ್ಪನ್ನು ನೇರವಾಗಿ ಊಟಕ್ಕೆಂದು ಮಾರುವುದನ್ನು 2006ರಲ್ಲಿ ದೇಶಾದ್ಯಂತ ನಿಷೇಧಿಸಲಾಯಿತು. ಒಂದು ಚಿಟಿಕೆ ಉಪ್ಪನ್ನು ಅಂಗೈಯಲ್ಲಿಟ್ಟುಕೊಂಡು ಸ್ವಾತಂತ್ರ್ಯದ ಇತಿಹಾಸ, ಸಮುದ್ರದ ಭೂಗೋಳ, ದೇಹದ ವಿಜ್ಞಾನ ಈ ಮೂರನ್ನೂ ಒಂದೇ ಮಧ್ಯಾಹ್ನ ಹೇಳಬಲ್ಲ ಅವಕಾಶವನ್ನು ಈ ಊರಿನ ಶಾಲೆಗಳು ಕೈಬಿಡಬಾರದು.

ಪೊಟ್ಟಣದ ತಿಂಡಿಗಳ ವಿಷಯದಲ್ಲಿ ಹೇಳಬೇಕಾದದ್ದು ಎಲ್ಲರಿಗೂ ಗೊತ್ತಿದ್ದದ್ದೇ. ಶಾಲೆಯ ಆವರಣದಲ್ಲಿ ಮತ್ತು ಅದರ ಗೇಟಿನಿಂದ 50 ಮೀಟರುಗಳೊಳಗೆ ಅತಿಯಾದ ಕೊಬ್ಬು, ಉಪ್ಪು, ಸಕ್ಕರೆಯ ತಿನಿಸುಗಳನ್ನು ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವಿದೆ. ಆದರೆ ಹೆದ್ದಾರಿಯ ಪಕ್ಕದ ಊರುಗಳಲ್ಲಿ 51ನೆಯ ಮೀಟರಿನಲ್ಲಿ ಅಂಗಡಿ ಇದ್ದೇ ಇರುತ್ತದೆ. ಮಗುವಿನ ಅಂಗೈಯಲ್ಲಿ ಐದು ರೂಪಾಯಿಯೂ ಇರುತ್ತದೆ. ಬೈದು ಬಿಡಿಸುವುದಕ್ಕಿಂತ ಓದಿ ಬಿಡಿಸುವುದು ಮೇಲೆಂದು ನನಗೆ ತೋರುತ್ತದೆ. ಐದನೆಯ ತರಗತಿಯ ಮಗುವಿಗೆ ಪೊಟ್ಟಣದ ಬೆನ್ನಿನ ಮೇಲಿನ ಸಣ್ಣಕ್ಷರವನ್ನು ಓದುವುದು, ನೂರು ಗ್ರಾಮಿಗೆ ಎಷ್ಟು ಸಕ್ಕರೆಯೆಂಬ ಲೆಕ್ಕವನ್ನು ಮಾಡುವುದು ಅಸಾಧ್ಯವೇನಲ್ಲ. ಅಷ್ಟೇ ಐದು ರೂಪಾಯಿಗೆ ಎಷ್ಟು ಹುರಿದ ಶೇಂಗಾ ಬರುತ್ತದೆಂಬುದನ್ನು ಆ ಲೆಕ್ಕದ ಎದುರಿಗೆ ಬರೆಯಿಸಿದರೆ, ಗಣಿತವೂ ಆಯಿತು.

ಅನ್ಯದೇಶಗಳ ಅನುಭವವನ್ನು ನೋಡಿದರೆ ಜಪಾನಿನದು ನಮಗೆ ಹೆಚ್ಚು ಉಪಯುಕ್ತವೆನಿಸುತ್ತದೆ. 1954ರಲ್ಲಿಯೇ ಶಾಲಾ ಊಟದ ಕಾಯಿದೆಯನ್ನು ಮಾಡಿದ ಆ ದೇಶವು 2005ರಲ್ಲಿ ಆಹಾರಶಿಕ್ಷಣಕ್ಕೆಂದೇ ಪ್ರತ್ಯೇಕ ಕಾಯಿದೆಯನ್ನು ತಂದು, ಶಾಲೆಗಳಲ್ಲಿ ಪೋಷಣ ಶಿಕ್ಷಕರೆಂಬ ಹುದ್ದೆಯನ್ನೂ ಸೃಷ್ಟಿಸಿತು. ಅಲ್ಲಿ ಮಕ್ಕಳೇ ಸರದಿಯ ಮೇಲೆ ಬಿಳಿಯ ಟೊಪ್ಪಿಗೆ ತೊಟ್ಟು ಒಬ್ಬರಿಗೊಬ್ಬರು ಬಡಿಸುತ್ತಾರೆ; ಊಟದ ಹೊತ್ತು ಪಾಠದ ಹೊತ್ತೆಂದೇ ಎಣಿಕೆ. ನಮ್ಮಲ್ಲಿ ಹೊಸ ಹುದ್ದೆ ಸೃಷ್ಟಿಯಾಗುವ ತನಕ ಕಾಯಬೇಕಾಗಿಲ್ಲ. ಪ್ರತಿಯೊಂದು ಶಾಲೆಯಲ್ಲಿಯೂ ಬಿಸಿಯೂಟದ ಅಡುಗೆಯವರು ಇದ್ದಾರೆ. ಅವರು ಅದೇ ಊರಿನ ತಾಯಂದಿರು, ಅಲ್ಪ ಗೌರವಧನಕ್ಕೆ ಹೊಗೆಯಲ್ಲಿಯೂ ಬಿಸಿಯಲ್ಲಿಯೂ ನಿಂತು ದುಡಿಯುವವರು. ಯಾವ ಸೊಪ್ಪು ಯಾವ ತಿಂಗಳಿನಲ್ಲಿ ಎಲ್ಲಿ ಚಿಗುರುತ್ತದೆ, ಬೇಳೆ ಯಾವ ಹದಕ್ಕೆ ಬೆಂದರೆ ಮಗು ಇಷ್ಟಪಟ್ಟು ಉಣ್ಣುತ್ತದೆ, ಯಾವ ಮಗು ಇಂದು ಅರ್ಧಕ್ಕೇ ಎದ್ದಿತೆಂಬುದನ್ನು ಅವರಷ್ಟು ಬಲ್ಲವರು ಶಾಲೆಯಲ್ಲಿ ಬೇರೆ ಯಾರೂ ಇಲ್ಲ. ಈಗಾಗಲೇ ಪಾಠ, ಗಣತಿ, ಅಂಕಿಅಂಶಗಳ ಭಾರದಿಂದ ಬಾಗಿರುವ ಮಾಸ್ತರ ಮೇಲೆ ಇನ್ನೊಂದು ಹೊರೆಯನ್ನು ಹೊರಿಸುವ ಬದಲು, ವಾರಕ್ಕೊಂದು ದಿನ ಅಡುಗೆಯ ಅಕ್ಕನನ್ನು ತರಗತಿಗೆ ಕರೆದು ಕುರ್ಚಿ ಕೊಟ್ಟು ಕೂರಿಸಿ ಮಾತನಾಡಿಸಬಾರದೇಕೆ?

ಬಡತನವನ್ನು ಮರೆತು ಈ ಮಾತುಗಳನ್ನು ಆಡುತ್ತಿಲ್ಲ. ತಿಳಿವಳಿಕೆಯೊಂದರಿಂದಲೇ ತಟ್ಟೆ ತುಂಬದು. ಅಪ್ಪನ ದುಡಿಮೆ ಸಾರಾಯಿಗೆ ಹೋದರೆ ಮಗುವಿನ ತಟ್ಟೆಗೆ ಬರುವುದು ಬರಿಯ ಗಂಜಿಯೇ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಡಿನ ಭಂಡಾರವೆಂದು ನಾಡಿಗೆಲ್ಲ ಪರಿಚಿತರಾಗಿದ್ದರು. ಅವರು ಸಾರಾಯಿಯ ವಿರುದ್ಧ ಹಾಲಕ್ಕಿ ಸಮುದಾಯದ ಹೆಂಗಸರನ್ನು ಕೂಡಿಸಿ ಹೋರಾಡಿದ್ದನ್ನು ನಾನು ಪೋಷಣೆಯ ಕಾರ್ಯವೆಂದೇ ಎಣಿಸುತ್ತೇನೆ. ಅದೇ ಅಂಕೋಲೆಯಲ್ಲಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ, ರೈತರ ಮತ್ತು ದುಡಿಯುವವರ ಮಕ್ಕಳಿಗೆ ಜಿಲ್ಲೆಯ ಹಳ್ಳಿಗಳಲ್ಲಿ ಶಾಲೆಗಳನ್ನು ತೆರೆದಾಗ, ಆ ಮಕ್ಕಳು ಮೈಲಿಗಟ್ಟಲೆ ನಡೆದು ಬರುತ್ತಿದ್ದದ್ದು ಗಂಜಿಯುಂಡ ಹೊಟ್ಟೆಯ ಬಲದ ಮೇಲೆಯೇ.

ಶಾಲಾ ಕೈತೋಟದ ಯೋಜನೆ ಕಾಗದದಲ್ಲಿ ಎಲ್ಲ ಕಡೆಯೂ ಇದೆ. ಕಾಂಪೌಂಡಿಲ್ಲದ ಶಾಲೆಗಳಲ್ಲಿ ದನಗಳು ಅದನ್ನು ಬಾಳಗೊಡವು, ಮಳೆಗಾಲ ಕಳೆದರೆ ನೀರಿರದು. ಆದರೂ ಒಂದು ನುಗ್ಗೆಯ ಮರಕ್ಕೆ, ಬಾವಿಕಟ್ಟೆಯ ಮಗ್ಗುಲಿನ ಒಂದು ಬಸಳೆಯ ಚಪ್ಪರಕ್ಕೆ ಎಲ್ಲಿಯೂ ಎಡೆಯುಂಟು. ತೋಟವಿಲ್ಲದ ಶಾಲೆಗೆ ಪೇಟೆಯೇ ತೋಟವಾಗಲಿ. ಅಂಕೋಲೆಯ ಪೇಟೆಯಲ್ಲಿ ಬೆಳಗಿನ ಹೊತ್ತು ಕೊರಳ ತುಂಬ ಕರಿಮಣಿಯ ಸರ ತೊಟ್ಟ ಹಾಲಕ್ಕಿ ಹೆಂಗಸರು ತಾವೇ ಬೆಳೆದ ಹರಿವೆ, ಬಸಳೆ, ಬದನೆ, ಗೆಣಸುಗಳನ್ನು ನೆಲದ ಮೇಲೆ ಹರಡಿಕೊಂಡು ಕುಳಿತಿರುತ್ತಾರೆ. ಬೇಸಗೆಯ ತುದಿಗೆ ಕರಿ ಇಷಾಡದ ಮಾವು ಬಂದು ಕೂಡಿಕೊಳ್ಳುತ್ತದೆ. 2023ರಲ್ಲಿ ಭೌಗೋಳಿಕ ಮಾನ್ಯತೆಯನ್ನು ಪಡೆದ ಆ ಹಣ್ಣಿನ ಹೆಸರು ಶಾಲೆಯ ಯಾವ ಚಿತ್ರಪಟದಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಶನಿವಾರದ ಅರ್ಧದಿನದ ಶಾಲೆ ಬಿಟ್ಟ ಬಳಿಕ ಆರನೆಯ ತರಗತಿಯ ಇಪ್ಪತ್ತು ಮಕ್ಕಳನ್ನು ಕರೆದುಕೊಂಡು ಅಕ್ಕೋರೊಬ್ಬರು ಆ ಸಾಲಿನ ಮುಂದೆ ಹೋಗಿ ನಿಂತರೆ, ಸೊಪ್ಪಿನ ಹೆಸರು, ಅದರ ಕಾಲ, ಅದರ ಪಲ್ಯದ ರೀತಿ ಇವನ್ನೆಲ್ಲ ಹೇಳಿಕೊಡಲು ಅಲ್ಲಿ ಕುಳಿತಿರುವ ಯಾವ ಅಜ್ಜಿಯೂ ಬೇಸರಿಸಲಾರಳು. ಮಕ್ಕಳ ಗುಂಪಿನಲ್ಲಿ ಆ ಗಂಜಿಯ ಹುಡುಗಿಯೂ ಇರಬಹುದು. ಸಾಲಿನಲ್ಲಿ ಕುಳಿತವರಲ್ಲಿ ಅವಳ ಅಜ್ಜಿಯೂ.